ಗೋಪುರದಿಂದ ಕಂಡ ಪಾವು

ಅಪ್ಪ ನಮ್ಮನ್ನು ಊರು ತೋರಿಸಲು ಕರೆದುಕೊಂಡು ಹೋದದ್ದು ಒಂದೇ ಒಂದು ಸಲ. ಅದೂ ನಮಗೆ ಊರು ತೋರಿಸಬೇಕೆಂಬ ಆಸೆಯಿಂದಲ್ಲ, ತನ್ನ ಅಣ್ಣನ ಮೇಲಿನ ಸಿಟ್ಟಿನಿಂದ. ಹೋದದ್ದು ಸಮಾಧಾನ ಗೋಪುರಕ್ಕೆ. ಶಾಂತಿ ಎನ್ನುವುದಕ್ಕೆ ತಮಿಳಿನಲ್ಲಿ ಸಮಾಧಾನ ಎನ್ನುತ್ತಾರೆ. ಜಗಳ ಸಾಧಿಸುವುದಕ್ಕಾಗಿ ಶಾಂತಿಯ ಗೋಪುರ ಹತ್ತಿದವನು ಕೊಯಮತ್ತೂರಿನಲ್ಲಿ ನಮ್ಮಪ್ಪ ಒಬ್ಬನೇ ಇರಬೇಕು.

ಐವತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮದು ನೇಯ್ಗೆಯವರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆ ಕನ್ನಡದಲ್ಲೂ ಅರ್ಧ ತಮಿಳೇ. ನಮ್ಮ ಹಿರಿಯರು ಯಾವಾಗ ಆ ಕಡೆಗೆ ಬಂದರೆಂದು ಕೇಳಿದರೆ ಒಬ್ಬೊಬ್ಬರು ಒಬ್ಬೊಬ್ಬ ರಾಜನ ಕಾಲ ಹೇಳುತ್ತಿದ್ದರು. ಕನ್ನಡ ಅಕ್ಷರ ಮಾತ್ರ ಬೀದಿಯಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ನಾನು ಕಲಿತದ್ದು ಮದುವೆಯಾಗಿ ನಂಜನಗೂಡಿನ ಕಡೆಗೆ ಹೋದ ಮೇಲೆ.

ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನು ಬೀದಿಯುದ್ದಕ್ಕೂ ಚಾಚಿ, ಗಂಜಿ ಹಚ್ಚಿ, ಒಣಗಿಸಿ, ಸುತ್ತಬೇಕು. ಹೀಗೆ ಚಾಚಿದ ನೂಲಿಗೆ ನಾವು ಪಾವು ಎನ್ನುತ್ತಿದ್ದೆವು. ಮನೆಯೊಳಗೆ ಆಗುವ ಕೆಲಸವಲ್ಲ, ಒಂದು ಮನೆಯವರಿಂದ ಆಗುವುದೂ ಅಲ್ಲ. ಕತ್ತರಿಯ ಹಾಗೆ ಕಟ್ಟಿದ ಬಿದಿರ ಕಾಲುಗಳನ್ನು ನೆಡಬೇಕು, ಇಬ್ಬದಿಯಲ್ಲೂ ನಿಂತು ಗಂಜಿಯ ಕುಂಚ ಎಳೆಯಬೇಕು, ಹರಿದ ಎಳೆ ಕಂಡಲ್ಲಿ ಗಂಟು ಹಾಕಬೇಕು. ಆದ್ದರಿಂದ ಯಾರ ಮನೆಯ ಪಾವು ಬೀದಿಗೆ ಬಂದರೂ ಉಳಿದ ಮನೆಯವರೆಲ್ಲ ಕೈ ಕೊಡಬೇಕೆನ್ನುವುದು ನಮ್ಮವರ ಕಟ್ಟಳೆ. ಕೊಡದೆ ಒಳಗೆ ಕೂತವನಿಗೆ ಬೆಂಕಿಯನ್ನೂ ಯಾರೂ ಕೊಡುತ್ತಿರಲಿಲ್ಲ. ಊರಲ್ಲಿ ಇಲ್ಲದವನಿಗೆ ಮಾತ್ರ ವಿನಾಯಿತಿ.

ಒಣಗಿದ ಪಾವನ್ನು ಸುತ್ತುವುದು ಇಬ್ಬರ ಕೆಲಸ. ಒಬ್ಬ ಈ ತುದಿಯಲ್ಲಿ ಮರದ ಉರುಳೆಗೆ ಸುತ್ತುತ್ತ ಹೋಗುತ್ತಾನೆ. ಇನ್ನೊಬ್ಬ ಆ ತುದಿಯನ್ನು ಬಿಗಿಯಾಗಿ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬರುತ್ತಾನೆ. ಬಿಗಿ, ಬಿಡು ಎಂದು ಇಬ್ಬರೂ ಕೂಗಿಕೊಳ್ಳುತ್ತಲೇ ಇರಬೇಕು, ಇಲ್ಲದಿದ್ದರೆ ಒಂದು ಕಡೆ ಸಡಿಲಾಗಿ ಬಟ್ಟೆ ಕೆಡುತ್ತದೆ. ಆ ತುದಿ ಒಡಹುಟ್ಟಿದವನದು. ನಮ್ಮ ಮನೆಯ ಪಾವಿಗೆ ಆ ತುದಿಯಲ್ಲಿ ದೊಡ್ಡಪ್ಪ, ದೊಡ್ಡಪ್ಪನ ಪಾವಿಗೆ ನಮ್ಮಪ್ಪ.

ಈ ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಯಾವುದೋ ಮದುವೆಯ ಹೆಣ್ಣಿನ ಕಡೆಯವರು ಸೀರೆ ಕೊಳ್ಳಲು ಬಂದಿದ್ದಾಗ ಅಪ್ಪ ಅವರೆದುರಿಗೇ, ಅಣ್ಣನ ಕೈಯಲ್ಲಿ ಅಂಚು ಎಳೆಯುತ್ತದೆ, ಸೊಟ್ಟಗಾಗುತ್ತದೆ ಎಂದುಬಿಟ್ಟಿದ್ದನಂತೆ. ನೇಯುವವನಿಗೆ ಅದಕ್ಕಿಂತ ಕೆಟ್ಟ ಬೈಗುಳ ಇನ್ನೊಂದಿಲ್ಲ. ಅಪ್ಪನನ್ನು ಕೇಳಿದರೆ, ತಾನು ಹೇಳಿದ್ದು ಮಗ್ಗದ ದೋಷವನ್ನು, ಕೈಯದನ್ನಲ್ಲ ಎನ್ನುತ್ತಿದ್ದ. ಹೇಗೂ ಇರಲಿ, ಪಾವು ಹಿಡಿಯುವುದನ್ನು ಇಬ್ಬರೂ ಬಿಡಲಿಲ್ಲ. ನಡುವೆ ದೊಡ್ಡಮ್ಮ ನಿಂತು ಆ ತುದಿಯ ಮಾತನ್ನು ಈ ತುದಿಗೂ ಈ ತುದಿಯದನ್ನು ಆ ತುದಿಗೂ ಸಾಗಿಸುತ್ತಿದ್ದಳು. ಬಿಗಿ ಮಾಡಬೇಕಂತೆ, ಬಿಡಬೇಕಂತೆ ಎಂದು ಅವಳು ಕೂಗುವುದನ್ನು ಕೇಳಿ ಬೀದಿಯವರು ಮುಖ ತಿರುಗಿಸಿಕೊಂಡು ನಗುತ್ತಿದ್ದರು. ದೊಡ್ಡಮ್ಮ ನನ್ನ ಅಮ್ಮನ ಒಡಹುಟ್ಟಿದ ಅಕ್ಕ. ಅಕ್ಕತಂಗಿಯರನ್ನು ಅಣ್ಣತಮ್ಮಂದಿರಿಗೆ ಕೊಡುವುದು ನಮ್ಮಲ್ಲಿ ಸಾಮಾನ್ಯ. ಗಂಡಂದಿರು ಮುನಿಸಿಕೊಂಡ ಮೇಲೆ ಇವರಿಬ್ಬರೂ ಬಾವಿಕಟ್ಟೆಯಲ್ಲಿ ಮಾತ್ರ ಮಾತಾಡುತ್ತಿದ್ದರು. ಅದಕ್ಕೇ ನಮ್ಮ ಮನೆಯಲ್ಲಿ ನೀರು ತರಲು ಅಷ್ಟು ಹೊತ್ತಾಗುತ್ತಿತ್ತು.

ಆ ವರ್ಷ ನಮ್ಮ ಪಾವಿನ ದಿನ ದೊಡ್ಡಪ್ಪ ಬರಲಿಲ್ಲ. ಜ್ವರ ಎಂದು ಹೇಳಿ ಕಳಿಸಿದ. ಅಪ್ಪನಿಗೆ ನಂಬಿಕೆ ಬರಲಿಲ್ಲ. ಪಕ್ಕದ ಮನೆಯ ಮುದುಕನ ಕೈಗೆ ತುದಿ ಕೊಟ್ಟು ಹೇಗೋ ಮುಗಿಸಿದ. ಅಂದಿನಿಂದ ಅವನ ಮುಖ ಇಂಗು ತಿಂದ ಮಂಗನ ಹಾಗಿತ್ತು. ದೊಡ್ಡಪ್ಪ ಹೊರಗೆ ಕಾಣಿಸಿಕೊಳ್ಳಲಿಲ್ಲ, ಮಗ್ಗದ ಸದ್ದೂ ಇರಲಿಲ್ಲ. ಅದನ್ನೂ ಅಪ್ಪ ಗತ್ತು ಎಂದೇ ತಿಳಿದ. ಬಹಳ ದಿನಗಳ ಮೇಲೆ, ತಮಿಳರ ಆನಿ ತಿಂಗಳ ಕೊನೆಯಲ್ಲಿ, ಎಂದರೆ ಆಷಾಢದ ಹೊತ್ತಿಗೆ, ದೊಡ್ಡಪ್ಪನ ಮನೆಗೆ ಮತ್ತೆ ನೂಲು ಬಂತು, ಕೆಂಪು ಬಣ್ಣದ ಸಣ್ಣ ನೂಲು. ಇಷ್ಟು ದಿನ ಮಗ್ಗ ಬರಿದಾಗಿ ಬಿದ್ದಿತ್ತು, ಇದೊಂದು ಕೆಟ್ಟರೆ ಕೂಲಿಗೆ ನೇಯಿಸುವ ಮುದಲಾಳಿ ಇನ್ನೊಂದು ಪಾವಿಗೆ ನೂಲು ಕೊಡುವವನಲ್ಲ ಎಂದು ದೊಡ್ಡಮ್ಮ ಬಾವಿಕಟ್ಟೆಯಲ್ಲಿ ಹೇಳಿದ್ದಳು. ಅಮ್ಮ ಅದನ್ನು ತಂದು ಅಪ್ಪನಿಗೆ ಹೇಳಿದಳು. ಅಪ್ಪ ಕೇಳಿಸಿಕೊಂಡದ್ದು ಪಾವು ಯಾವ ದಿನ ಎಂಬುದನ್ನಷ್ಟೇ.

ಆ ದಿನ ಬೆಳಗ್ಗೆ, ನಾವು ಪೋತ್ತನೂರಿನ ನಂಟರ ಮನೆಗೆ ಹೋಗುತ್ತೇವೆ ಎಂದು ಅಪ್ಪ ಬೀದಿಗೆಲ್ಲ ಕೇಳುವ ಹಾಗೆ ಸಾರಿದ. ಬೀದಿಯ ಗಂಡಸರಲ್ಲಿ ಅರ್ಧ ಜನ ವೆಳ್ಳಕೋಯಿಲಿನ ಒಂದು ಮದುವೆಗೆ ಹೋಗಿದ್ದರು. ಅದು ಅವನಿಗೆ ಗೊತ್ತಿತ್ತು. ದೊಡ್ಡಮ್ಮ ಬಿದಿರು ನೆಡುತ್ತಿದ್ದವಳು ತಲೆಯೆತ್ತಿ ತಂಗಿಯ ಕಡೆ ನೋಡಿದಳು. ಅಮ್ಮ ನನ್ನ ಜಡೆಯ ರಿಬ್ಬನ್ನು ಸರಿಪಡಿಸುವವಳ ಹಾಗೆ ಬಗ್ಗಿದಳು. ರಿಬ್ಬನ್ನು ಸರಿಯಾಗಿಯೇ ಇತ್ತು.

ಪೋತ್ತನೂರಿಗೆ ಹೋದರೆ ನಂಟರು ಮಧ್ಯಾಹ್ನದ ಊಟಕ್ಕೆ ನಿಲ್ಲಿಸಿಕೊಂಡು ಅಣ್ಣನ ಆರೋಗ್ಯ ವಿಚಾರಿಸುತ್ತಾರೆ. ಅದು ಅಪ್ಪನಿಗೆ ಬೇಡವಾಗಿತ್ತು. ಆದ್ದರಿಂದ ಬೀದಿಯ ಕೊನೆ ತಿರುಗಿ, ಎರಡು ಮೂರು ಗಲ್ಲಿ ಸುತ್ತಿ, ನಮ್ಮನ್ನು ಗೋಪುರದ ಮುಂದೆ ತಂದು ನಿಲ್ಲಿಸಿದ. ಒಂದಷ್ಟು ಹೊತ್ತು ಕಳೆಯಬೇಕಾಗಿತ್ತು, ಅಷ್ಟೆ.

ಯುದ್ಧದ ಕಾಲದಲ್ಲಿ ವಿಮಾನಗಳು ಬಂದಾವೆಂದು ಆಕಾಶ ಕಾಯಲು ಕಟ್ಟಿದ್ದ ಗೋಪುರ ಅದು. ವಿಮಾನ ಬರಲಿಲ್ಲ, ಗೋಪುರ ಉಳಿಯಿತು. ಯುದ್ಧ ಮುಗಿದ ಮೇಲೆ ಯಾರೋ ದೊಡ್ಡ ಮನಸ್ಸಿನವರು ಅದಕ್ಕೆ ಸುಣ್ಣ ಬಳಿಸಿ, ಲೋಕಕ್ಕೆಲ್ಲ ಸಮಾಧಾನವಾಗಲಿ ಎಂದು ಬರೆಸಿ, ಬಾಗಿಲ ಮೇಲೊಂದು ಪಾರಿವಾಳ ಬಿಡಿಸಿದರು. ಬಿಡಿಸಿದವನು ಕೋಳಿ ಸಾಕಿದವನಿರಬೇಕು, ಪಾರಿವಾಳಕ್ಕೆ ಜುಟ್ಟು ಬಂದಿತ್ತು. ದೇವಸ್ಥಾನದ ಹಾಗೆ ಚಪ್ಪಲಿ ಕೆಳಗೆ ಬಿಟ್ಟು ಹತ್ತಬೇಕು. ಕಾವಲುಗಾರ ಹಿಂದೆ ಸೈನ್ಯದ ಪಟಾಲಮ್ಮಿನಲ್ಲಿದ್ದವನಂತೆ. ಶಾಂತಿಯನ್ನೂ ಆಜ್ಞೆ ಕೊಟ್ಟೇ ನಡೆಸುತ್ತಿದ್ದ.

ಮೇಲೆ ನಡುವೆ ಒಂದು ದೀಪ, ಸುತ್ತ ಮೋಟುಗೋಡೆ. ಗೋಡೆಯ ಒಳಮೈಯಲ್ಲಿ ಹಲವು ಭಾಷೆಗಳಲ್ಲಿ ಒಂದೊಂದು ಸಾಲು ಬರೆದಿತ್ತು. ನಾವು ಮಾತಾಡುವುದನ್ನು ಕೇಳಿ ಕಾವಲುಗಾರ ನಮ್ಮ ಭಾಷೆಯೂ ಇದೆಯೆಂದು ಹೆಮ್ಮೆಯಿಂದ ತೋರಿಸಿ, ಅದರಲ್ಲಿ ಏನಿದೆಯೆಂದು ಕೇಳಿದ. ಅಪ್ಪ ಗಂಭೀರವಾಗಿ ಅಕ್ಷರಗಳ ಕೆಳಗೆ ಬೆರಳಾಡಿಸಿ, ಯಾರೂ ಜಗಳವಾಡಬೇಡಿ ಎಂದಿದೆ ಎಂದು ತಮಿಳಿನಲ್ಲಿ ಹೇಳಿದ. ಬೆರಳು ಬಲದಿಂದ ಎಡಕ್ಕೆ ಹೋಗಿತ್ತು. ಅಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು. ನಾನು ಕನ್ನಡ ಅಕ್ಷರ ಕಲಿತು ತಿರುಗಿ ಹೋಗುವಷ್ಟರಲ್ಲಿ ಆ ಗೋಡೆಗೆ ಮತ್ತೆ ಸುಣ್ಣ ಬಿದ್ದಿತ್ತು, ನಿಜವಾಗಿ ಏನಿತ್ತೆಂದು ತಿಳಿಯಲೇ ಇಲ್ಲ.

ನನಗೆ ಊರು ನೋಡುವ ಸಂಭ್ರಮ. ಮರುದಮಲೆ ಬೆಟ್ಟ, ಮಿಲ್ಲುಗಳ ಹೊಗೆ ಕೊಳವೆಗಳು, ಗಣಪತಿ ಎನ್ನುವ ಬಡಾವಣೆಯ ತಗಡಿನ ಸೂರುಗಳು, ಪೋತ್ತನೂರಿನ ರೈಲು. ನಾವು ಹೋಗಬೇಕಾಗಿದ್ದ ಊರು ಅಲ್ಲಿದೆ ಎಂದೆ. ಅಪ್ಪ ಗದರಲಿಲ್ಲ. ಅವನು ಇನ್ನೊಂದು ಕಡೆ ನೋಡುತ್ತಿದ್ದ. ನಮ್ಮ ಬೀದಿ ಅಲ್ಲಿಂದ ನೇರವಾಗಿ ಕಾಣುತ್ತಿತ್ತು, ಅದರ ನಡುವೆ ಒಂದು ಕೆಂಪು ಗೆರೆ. ಹತ್ತಿರದಲ್ಲಿ ನಾಲ್ಕಾರು ಜನ, ಅಷ್ಟೇ. ಗಂಜಿ ಹಚ್ಚುವುದು ಅಷ್ಟು ಹೊತ್ತಿಗೆ ಮುಗಿದಿರಬೇಕಾಗಿತ್ತು, ಇನ್ನೂ ನಡೆಯುತ್ತಿತ್ತು.

ಆಗ ಕಾವಲುಗಾರ ಗಂಟೆ ಹೊಡೆದ. ಮೇಲೆ ಬಂದವರೆಲ್ಲ ಎರಡನೆಯ ಗಂಟೆಯವರೆಗೆ ದೀಪದ ಕಡೆ ಮುಖ ಮಾಡಿ, ಬಾಯಿ ಮುಚ್ಚಿ, ಲೋಕದ ಶಾಂತಿಗಾಗಿ ನಿಲ್ಲಬೇಕೆಂಬುದು ಅಲ್ಲಿಯ ನಿಯಮ. ನಾವೂ ನಿಂತೆವು. ನಮ್ಮ ಪಾಲಿಗೆ ದೀಪ ಪಡುವಣ ದಿಕ್ಕಿಗಿತ್ತು. ದೀಪದ ಆಚೆ, ಬೆಟ್ಟಗಳ ನಡುವೆ, ಪಾಲಕ್ಕಾಡಿನ ಕಣಿವೆ ಬಾಯಿ ತೆರೆದಿತ್ತು. ಅಲ್ಲಿಂದ ಬೂದುಬಣ್ಣದ ಒಂದು ಪರದೆ ನೆಲಕ್ಕೆ ತಾಗಿಕೊಂಡು ಬರುತ್ತಿತ್ತು. ಸಾರಲು ಮಳೆ, ಕಣಿವೆಯ ಗಾಳಿ ಹೊತ್ತು ತರುವ ತುಂತುರು. ಊರಿನ ಮೇಲೆ ಇನ್ನೂ ಒಳ್ಳೆಯ ಬಿಸಿಲು. ಮನೆಗಳ ಸೂರಿನ ನಡುವೆ ತುಂಡು ಆಕಾಶ ನೋಡುವ ಬೀದಿಯವರಿಗೆ ಅದು ತಲೆಯ ಮೇಲೆ ಬರುವವರೆಗೂ ಗೊತ್ತಾಗುವುದಿಲ್ಲ. ಹಸಿ ಗಂಜಿಯ ಮೇಲೆ ಹನಿ ಬಿದ್ದರೆ ಎಳೆಗೆ ಎಳೆ ಅಂಟಿಕೊಳ್ಳುತ್ತದೆ, ಆಮೇಲೆ ಆ ನೂಲು ದೀಪದ ಬತ್ತಿಗೂ ಆಗದು.

ಅಪ್ಪ ಮಳೆ ನೋಡಿದ, ಬೀದಿ ನೋಡಿದ, ತಿರುಗಿ ಮಳೆ ನೋಡಿದ. ಅವನು ಸುಮ್ಮನೆ ನಿಂತಿದ್ದರೆ ಯಾರೂ ಏನೂ ಅನ್ನುವಂತಿರಲಿಲ್ಲ, ಬೀದಿಯವರ ಲೆಕ್ಕದಲ್ಲಿ ಅವನು ಪೋತ್ತನೂರಿನಲ್ಲಿದ್ದ. ಅಮ್ಮನಿಗೂ ಕಂಡಿತ್ತು. ಅವಳು ನಿಯಮ ಮುರಿದು, ಪಿಸುಮಾತಿನಲ್ಲಿ ಹೇಳಿದಳು.

"ಬಾವನಿಗೆ ಇನ್ನೂ ಕೈ ನಡುಗ್ತದೆ. ಉರುಳೆ ಹಿಡಿಯೋಕೆ ಆಗಲ್ಲ. ಅಕ್ಕ ಒಬ್ಬಳೇ ಅಲ್ಲಿ."

ಕಾವಲುಗಾರ ಶ್ ಎಂದ. ಅಪ್ಪ ಲೆಕ್ಕಿಸಲಿಲ್ಲ.

"ಜ್ವರ ನೆಜಮಾಗಲೂ ಬಂದಿತ್ತಾ?"

"ನೀವು ಕೇಳಲೇ ಇಲ್ಲ," ಎಂದಳು ಅಮ್ಮ.

ಅಪ್ಪ ಎರಡನೆಯ ಗಂಟೆಗೆ ಕಾಯಲಿಲ್ಲ. ಪಂಚೆ ಎತ್ತಿ ಕಟ್ಟಿ ಮೆಟ್ಟಿಲು ಇಳಿದು ಓಡಿದ. ಕೆಳಗೆ ಚಪ್ಪಲಿಯನ್ನೂ ಮೆಟ್ಟಲಿಲ್ಲ. ಕಾವಲುಗಾರನಿಗೆ ರೇಗಿಹೋಯಿತು. ಶಾಂತಿ ಭಂಗವಾಯಿತು, ಎಲ್ಲರೂ ಮೊದಲಿಂದ ನಿಲ್ಲಬೇಕು ಎಂದ. ಅಮ್ಮ ಅವನಿಗೆ ಬೆನ್ನು ಹಾಕಿ ಮೋಟುಗೋಡೆಗೆ ಆತುಕೊಂಡಳು. ಜೀವಮಾನದಲ್ಲಿ ಅವಳು ಪರಗಂಡಸಿನ ಮಾತಿಗೆ ಬೆನ್ನು ಹಾಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಪ್ಪನ ಹೆಗಲ ಮೇಲೆ ಹಸಿರು ವಲ್ಲಿ ಇತ್ತು. ಗಲ್ಲಿಗಳಲ್ಲಿ ಅದು ಕಂಡು, ಮರೆಯಾಗಿ, ಮತ್ತೆ ಕಾಣುತ್ತಿತ್ತು. ಮಳೆ ಕೆರೆಯ ಏರಿ ದಾಟಿತು. ಮಿಲ್ಲಿನ ಕೊಳವೆಗಳು ಒಂದೊಂದಾಗಿ ಮಸುಕಾದವು. ಹಸಿರು ಚುಕ್ಕೆ ನಮ್ಮ ಬೀದಿಯ ಬಾಯಿಗೆ ಬಂದಾಗ ಅಮ್ಮ ನನ್ನ ಭುಜ ಹಿಡಿದಿದ್ದಳು, ನೋವಾಗುವಷ್ಟು ಬಿಗಿಯಾಗಿ. ಅದು ಕೆಂಪು ಗೆರೆಯ ಆ ತುದಿಯಲ್ಲಿ ನಿಲ್ಲಲಿಲ್ಲ. ಗೆರೆಯ ಪಕ್ಕದಲ್ಲೇ ಓಡಿ ಈ ತುದಿಗೆ, ದೊಡ್ಡಪ್ಪನಿದ್ದ ಕಡೆಗೆ ಹೋಯಿತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅಲ್ಲಿಂದ ಒಬ್ಬರು ಎದ್ದು ನಿಧಾನವಾಗಿ ಬೀದಿಯುದ್ದಕ್ಕೂ ನಡೆದು ಆ ತುದಿಗೆ ಹೋದರು. ಅಪ್ಪ ಉರುಳೆ ತಾನು ಹಿಡಿದು, ಅಣ್ಣನನ್ನು ತಮ್ಮನ ಜಾಗಕ್ಕೆ ಕಳಿಸಿದ್ದ. ಅಲ್ಲಿ ಹಿಡಿದು ನಡೆಯುವುದಷ್ಟೇ ಕೆಲಸ, ಅದು ನಡುಗುವ ಕೈಗೂ ಆಗುತ್ತದೆ.

ಕೆಂಪು ಗೆರೆ ಗಿಡ್ಡವಾಗತೊಡಗಿತು. ಆ ತುದಿಯವನು ಈ ತುದಿಯವನ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಬರುತ್ತಿದ್ದ. ಅಮ್ಮ ಅಳುತ್ತಿದ್ದಳು. ಕಾವಲುಗಾರನೂ ನಮ್ಮ ಪಕ್ಕಕ್ಕೆ ಬಂದು ನಿಂತಿದ್ದ. ಎರಡನೆಯ ಗಂಟೆ ಹೊಡೆಯುವುದನ್ನು ಅವನು ಮರೆತುಬಿಟ್ಟ. ಗೆರೆ ಅಂಗೈಯಗಲ ಉಳಿದಾಗ ಮಳೆ ನಮ್ಮ ಮೇಲೂ ಬಂತು, ಬೀದಿ ಕಾಣದಾಯಿತು.

ಮುಂದಿನದು ದೊಡ್ಡಮ್ಮ ಹೇಳಿದ್ದು. ಅವಳು ಪಾವಿನ ಮೇಲೆ ಹೊದಿಸಲು ಗೋಣಿತಾಟು ತರಲು ಒಳಗೆ ಹೋಗಿದ್ದಳಂತೆ, ಮಾತು ಸಾಗಿಸಲು ನಡುವೆ ಯಾರೂ ಇರಲಿಲ್ಲ. ಅಪ್ಪನೇ ನೇರವಾಗಿ, "ಅಣ್ಣಾ, ಬಿಗಿ," ಎಂದನಂತೆ. ದೊಡ್ಡಪ್ಪ ಬಿಗಿ ಹಿಡಿದನಂತೆ. ಹಸಿ ಪಾವನ್ನು ಹಾಗೆ ಸುತ್ತಬಾರದು, ಆದರೆ ಮಳೆಗೆ ಕೊಡುವುದಕ್ಕಿಂತ ಮೇಲು. ಮಧ್ಯಾಹ್ನ ಬಿಸಿಲು ಬಂದ ಮೇಲೆ ಮತ್ತೆ ಬಿಚ್ಚಿ ಒಣಗಿಸಿದರು. ಒಂದು ಮೊಳದಷ್ಟು ಅಂಟಿಕೊಂಡಿತ್ತು, ಉಳಿದದ್ದು ಬಟ್ಟೆಯಾಯಿತು. ಅಣ್ಣತಮ್ಮಂದಿರು ಆಮೇಲೂ ಜಗಳವಾಡಿದರು, ಸಾಯುವವರೆಗೂ ಆಡಿದರು, ಆದರೆ ಮಾತಾಡಿಕೊಂಡೇ ಆಡಿದರು.

ನಾನೂ ಅಮ್ಮನೂ ನೆನೆದುಕೊಂಡು ಬೀದಿಗೆ ಬಂದಾಗ ಹೊರಗೆ ಬಿದಿರ ಕಾಲುಗಳು ಮಾತ್ರ ನಿಂತಿದ್ದವು. ನಮ್ಮ ಮನೆಯ ಬಾಗಿಲಿಗೆ ನಾವು ಹಾಕಿದ ಬೀಗ ಹಾಗೇ ಇತ್ತು. ಅಮ್ಮನ ಕೈಯಲ್ಲಿ ಅಪ್ಪನ ಚಪ್ಪಲಿಗಳಿದ್ದವು, ಗೋಪುರದ ಕೆಳಗಿಂದ ಎತ್ತಿಕೊಂಡು ತಂದವು. ದೊಡ್ಡಪ್ಪನ ಮನೆಯೊಳಗಿಂದ ಅಪ್ಪನ ಧ್ವನಿ ಕೇಳಿಸಿತು. ಅವನು ಕೇಳುತ್ತಿದ್ದ:

"ಜ್ವರ ಬಿಟ್ಟಿತಾ, ಅಣ್ಣಾ?"

ಅಮ್ಮ ಅಲ್ಲೇ ನಿಂತಳು. ಒಳಗಿನ ಉತ್ತರ ನಮಗೆ ಕೇಳಿಸಲಿಲ್ಲ. ಅವಳು ಚಪ್ಪಲಿಗಳ ಕೆಸರನ್ನು ತನ್ನ ಸೆರಗಿನಿಂದ ಒರೆಸಿ, ಜೋಡಿಸಿ, ದೊಡ್ಡಪ್ಪನ ಬಾಗಿಲಲ್ಲಿ ಇಟ್ಟಳು. ಆಮೇಲೆ ನಾವಿಬ್ಬರೇ ಮನೆಗೆ ಹೋಗಿ ಬೀಗ ತೆಗೆದೆವು.