ಹೆಚ್ಚಿದ ತಾಳಿ

ತಾಳಿ ಮುರಿಯಿತು ಎಂದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಪಶಕುನ. ‘ಹೆಚ್ಚಿತು’ ಅನ್ನುತ್ತಾರೆ. ಬೇಲೂರಿನ ಪುಟ್ಟ ಅಂಗಡಿಯಲ್ಲಿ ಇಷ್ಟು ವರ್ಷ ಚಿನ್ನದ ಕೆಲಸ ಮಾಡಿದ ನನಗೆ ಈ ಮಾತು ಬಹಳ ಅನುಕೂಲವಾಗಿತ್ತು. ಮುರಿದದ್ದಾದರೆ ಮಾಡಿದವನನ್ನು ಕೇಳಬೇಕು. ಹೆಚ್ಚಿದ್ದಕ್ಕೆ ಯಾರನ್ನು ಕೇಳುತ್ತಾರೆ?

ಕೆಲವು ವರ್ಷಗಳ ಹಿಂದಿನ ಮಾತು. ಜಾವಗಲ್ ಕಡೆಯ ಒಬ್ಬ ಹೆಂಗಸು ನನ್ನಲ್ಲೇ ತಾಳಿ ಮಾಡಿಸಿಕೊಂಡು ಹೋಗಿ ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಬಂದು, ಅಂಗಡಿಯಲ್ಲಿದ್ದವರೆಲ್ಲ ಹೋಗುವ ತನಕ ಕಾದು, ಸೆರಗಿನ ಗಂಟು ಬಿಚ್ಚಿದರು.

“ಹೆಚ್ಚೈತೆ ಆಚಾರ್ರೇ. ಹೆಚ್ಚಿದ ಮೂರನೇ ದಿನಕ್ಕೆ ನಮ್ಮ ಯಜಮಾನ್ರು ತೆಂಗಿನ ಮರದಿಂದ ಬಿದ್ದು ಕಾಲು ಮುರ್ಕೊಂಡ್ರು. ನನ್ನಿಂದ್ಲೇ ಆಗಿದ್ದು ಅಂತ ಅತ್ತೆ ಮಾತಾಡಿಸ್ತಿಲ್ಲ. ದೇವ್ರ ಮನೆಗೂ ಬಿಟ್ಕೊತಿಲ್ಲ.”

ಭೂತಗನ್ನಡಿ ಹಿಡಿದು ನೋಡಿದೆ. ಸರಕ್ಕೆ ಸಿಕ್ಕಿಸುವ ಕೊಂಡಿ ಬೆಸುಗೆಯಲ್ಲೇ ಬಿಟ್ಟುಕೊಂಡಿತ್ತು. ಬೆಸುಗೆಯ ಒಳಗೆ ಸೂಜಿಮೊನೆಯಷ್ಟು ತೂತುಗಳು. ನೋಡುವ ಮೊದಲೇ ನನಗೆ ಗೊತ್ತಿತ್ತು. ಮದುವೆ ಕಾಲ, ಕೈತುಂಬ ಕೆಲಸ. ಕೊಂಡಿಯ ಜಿಡ್ಡು ಸರಿಯಾಗಿ ತೊಳೆಯದೆ ಬೆಸುಗೆ ಹಾಕಿದ್ದೆ. ಮೇಲೊಂದು ತೂತು ಕಣ್ಣಿಗೆ ಬಿದ್ದಿತ್ತು ಕೂಡ. ಬಿಚ್ಚಿ ಮತ್ತೆ ಮಾಡಲು ಅರ್ಧ ಗಂಟೆ ಸಾಕಿತ್ತು. ನಾನು ಪಾಲಿಶ್ ಉಜ್ಜಿ ಮುಚ್ಚಿಬಿಟ್ಟೆ.

ಇದು ನನ್ನ ತಪ್ಪು ಕಣಮ್ಮ, ಮನೆಯಲ್ಲಿ ಹಾಗಂತ ಹೇಳಿ. ಇಷ್ಟೇ ಮಾತು, ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಮೆಟ್ಟಿಲು ಹತ್ತಿ ಬಂದರು. “ಒಂದೊಂದ್ಸಲ ಹಂಗಾಗುತ್ತಮ್ಮ,” ಎಂದುಬಿಟ್ಟೆ. ಆಕೆಯನ್ನು ಅಲ್ಲೇ ಕೂರಿಸಿಕೊಂಡು ಸರಿಮಾಡಿ ಕೊಟ್ಟೆ. ಅದಕ್ಕೂ ಅವರು ಕೈ ಮುಗಿದರು. ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ. ಹೇಡಿ ನಾನು.

ಆಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಈಗ ಬೆಸುಗೆಗೆ ಮೊದಲು ಎರಡು ಸಲ ತೊಳೆಯುತ್ತೇನೆ. ಪಾಲಿಶ್‌ಗೆ ಮುಂಚೆ ಪ್ರತಿ ಕೊಂಡಿಯನ್ನೂ ಭೂತಗನ್ನಡಿಯಲ್ಲಿ ನೋಡಿ, ಇಕ್ಕಳದಲ್ಲಿ ಎಳೆದು ಪರೀಕ್ಷಿಸುತ್ತೇನೆ. ಬಿಟ್ಟುಕೊಳ್ಳುವುದಿದ್ದರೆ ನನ್ನ ಕೈಯಲ್ಲೇ ಬಿಟ್ಟುಕೊಳ್ಳಲಿ. ಮಾಡಿದ ಒಡವೆ ರಿಪೇರಿಗೆ ವಾಪಸ್ ಬರುವುದು ಬಹುಮಟ್ಟಿಗೆ ನಿಂತಿದೆ. ಅಚ್ಚುಕಟ್ಟಾದ ಕೆಲಸ ಎಂದು ಜನ ಹೊಗಳುತ್ತಾರೆ, ನಾನು ಹಿಡಿಯಷ್ಟಾಗಿಹೋಗುತ್ತೇನೆ.

ಈ ವರ್ಷ ಆಕೆ ಮಗಳಿಗೆ ಓಲೆ ಮಾಡಿಸಲು ಬಂದರು. ಗಂಡ ಈಗ ಚೆನ್ನಾಗಿ ಓಡಾಡುತ್ತಿದ್ದಾರಂತೆ. ಮಾತಾಡುವಷ್ಟು ಹೊತ್ತೂ ಆಕೆಯ ಎಡಗೈ ತಾಳಿಯ ಮೇಲೇ ಇತ್ತು. ಬಗ್ಗಿದರೂ ಎದ್ದರೂ ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು.

“ಯಾಕಮ್ಮ ಹಂಗೆ ಹಿಡ್ಕೊತೀರಾ? ಈಗ ಗಟ್ಟಿಯಾಗೈತೆ,” ಎಂದೆ.

ಅವರು ನಕ್ಕರು. “ನಿಮ್ ಕೆಲ್ಸ ಯಾವಾಗ್ಲೂ ಗಟ್ಟೀನೇ ಆಚಾರ್ರೇ. ನನ್ ಕಾಲ್ಗುಣಾನೇ ಸರಿಯಿಲ್ಲ.”

ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಓಲೆಗೆ ಯಾವ ಬಣ್ಣದ ಹರಳು ಬೇಕೆಂದು ಕೇಳಿದೆ.