ಕಂಪನಿ ಶೆಡ್ಡಿಗೆ ಮೂವತ್ತು ರೊಟ್ಟಿ ಹೆಚ್ಚಿಗೆ

ತಿಕೋಟಾದ ನಮ್ಮ ಮನೆಯಿಂದ ಕಲ್ಲುಗಣಿ ಕಂಪನಿಯ ಶೆಡ್ಡಿಗೆ ದಿನಾ ನಲವತ್ತು ಜೋಳದ ರೊಟ್ಟಿ ಹೋಗುತ್ತಿದ್ದವು. ನಸುಕಿನಲ್ಲಿ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟರೆ, ಎಂಟಕ್ಕೆ ಸೂಪರ್‌ವೈಸರ್ ಬೈಕಿನ ಮೇಲೆ ಬಂದು ಒಯ್ಯುತ್ತಿದ್ದ. ಮಾತು ಬೆಣ್ಣೆ. ಹೊಸ್ತಿಲಾಚೆಯೇ ಚಪ್ಪಲಿ ಬಿಡುವ ಮನುಷ್ಯ.

ಕಂಪನಿಗೆ ಬೇಕಾಗಿದ್ದ ಗುಡ್ಡದ ಮೇಲೆ ಕಲ್ಲು ಕಟೆಯುವವರ ಹತ್ತಾರು ಗುಡಿಸಲುಗಳಿದ್ದವು. ಅವರ ಮುತ್ತಜ್ಜಂದಿರನ್ನು ಹೂಳಿದ್ದೂ ಅಲ್ಲೇ. ಅಲ್ಲಿಂದ ಒಬ್ಬಾಕೆ ಆಗಾಗ ಬಂದು, ನಾನು ಬೇಳೆ ಒಡೆಯುವ ಬೀಸುಕಲ್ಲು ಸವೆದಿದ್ದರೆ ಉಳಿಯಿಂದ ಅದಕ್ಕೆ ಮತ್ತೆ ಹಲ್ಲು ಕಟೆದುಕೊಡುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ಯಾರೋ ಜೀಪುಗಳಲ್ಲಿ ಬಂದು ಎರಡು ಗುಡಿಸಲು ಕೆಡವಿ, ಆಕೆಯ ಗಂಡನ ಬಲಗೈ ಮುರಿದರು. ಗುಡ್ಡ ಬಿಡಿ ಎಂದು ಹೇಳಿ ಹೋದರು.

"ಅವರು ನಮ್ಮ ಮಂದಿ ಅಲ್ರಿ ಅಕ್ಕಾರ. ಎಲ್ಲಿಯವರೋ ಏನೋ," ಎಂದ ಸೂಪರ್‌ವೈಸರ್.

ತಲೆಯಾಡಿಸಿದೆ. ಮರುದಿನ ಹಿಟ್ಟು ನಾದುವಾಗ ಕೈ ನಿಂತಿತು. ಹೊಡೆದಾಟದ ದಿನ ಆತ ಒಯ್ದದ್ದು ನಲವತ್ತಲ್ಲ, ಎಪ್ಪತ್ತು. ಅದರ ಮರುದಿನವೇ ಮತ್ತೆ ನಲವತ್ತಕ್ಕೆ ಇಳಿದಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಆತನ ಫೋನು. "ನಾಳಿಗೆ ಮೂವತ್ತು ಹೆಚ್ಚಿಗಿ ಬಡೀರಿ. ಮಷೀನ್ ಪೂಜಿ ಐತಿ."

"ಪೂಜಿಗೆ ಹೋಳಿಗಿ ಬ್ಯಾಡೇನ್ರಿ?"

"ಅದನ್ನ ಬ್ಯಾರೆ ಕಡೆ ಹೇಳೀವ್ರಿ," ಎಂದವನೇ ಫೋನಿಟ್ಟ.

ಟಂಟಂ ಆಟೋ ಹಿಡಿದು ಗುಡ್ಡಕ್ಕೆ ಹೋಗಿ ಎಲ್ಲ ಹೇಳಿದೆ. ಆಕೆ ನಕ್ಕಳು: "ರೊಟ್ಟಿ ಎಣಿಸಿ ಭವಿಷ್ಯ ಹೇಳಾಕತ್ತೀಯೇನ ಯಕ್ಕಾ? ಇನ್ನ ಪಂಚಾಂಗದ ಸ್ವಾಮೇರು ಮನಿಗೆ ಹೋಗಬೇಕ ಬಿಡು!"

ಗಂಡ ನಗಲಿಲ್ಲ. "ಹುಡುಗರ್ನ ಕರಕೊಂಡ ಅಕ್ಕಾರ ಮನಿಗೆ ನಡಿ," ಎಂದ.

ಬೆಳಿಗ್ಗೆ ಗಂಡಸರು ಪೊಲೀಸರಿಗೆ ಅರ್ಜಿ ಕೊಡಲು ಮೊದಲ ಬಸ್ಸಿಗೇ ವಿಜಯಪುರಕ್ಕೆ ಹೋದರು. ಎಂಟಕ್ಕೆ ಸೂಪರ್‌ವೈಸರ್ ಬಂದಾಗ ಗುಡ್ಡದ ಹೆಂಗಸರು, ಮಕ್ಕಳು ನಮ್ಮ ಪಡಸಾಲೆಯ ತುಂಬ ಕೂತಿದ್ದರು.

"ಏನ್ರಿ, ಬೀಗರು ಬಂದಾರೇನು?"

"ಹೂಂನ್ರಿ. ನಿಮ್ಮಂಗ ನಮಗೂ ಇವತ್ತ ಮಂದಿ ಜಾಸ್ತಿ."

ಆತ ಒಂದೊಂದೇ ಮುಖ ನೋಡಿದ. ಓಣಿಗೆ ಹೋಗಿ ಯಾರೊಂದಿಗೋ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿ ಬಂದ. "ಪೂಜಿ ಮುಂದ ಹೋತ್ರಿ," ಎಂದು ನಲವತ್ತನ್ನಷ್ಟೇ ಕಟ್ಟಿಕೊಂಡ.

ಆ ದಿನ ಜೀಪು ಬರಲಿಲ್ಲ. ಗುಡ್ಡದವರು ಸಂಜೆ ಗುಡಿಸಲುಗಳಿಗೆ ಮರಳಿದರು.

ಆ ವಾರದಿಂದ ಕಂಪನಿಯವರು ಬಬಲೇಶ್ವರದ ಕಡೆಯಿಂದ ರೊಟ್ಟಿ ತರಿಸುತ್ತಾರೆ. ಆಕೆ ಸಂತೆಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಾಳೆ, "ಇವತ್ತ ಎಷ್ಟ ಹೋದುವ ಯಕ್ಕಾ?" ಆ ಲೆಕ್ಕ ಈಗ ಬಬಲೇಶ್ವರದ ಕಡೆ ರೊಟ್ಟಿ ಬಡಿಯುವವರಿಗಷ್ಟೇ ಗೊತ್ತು.