ಕಿಟಕಿ ಸೀಟಿನ ನೀಲಿ ಹೆಂಗಸು

ಗೆಳೆಯರೇ, ಇವತ್ತು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನನ್ನ ಹೊಸ ಅಕ್ರಿಲಿಕ್ ಚಿತ್ರಕ್ಕೆ ಕಿಟಕಿ ಸೀಟು ಕೊಟ್ಟಿದ್ದೆ. ಚಿತ್ರದಲ್ಲಿ ನೀಲಿ ಮುಖದ ಹೆಂಗಸೊಬ್ಬಳು ತಲೆ ವಾಲಿಸಿ ನಿದ್ದೆಹೋಗಿದ್ದಾಳೆ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ, ನಿಂತಿದ್ದ ಅಕ್ಕ ಒಬ್ಬರು ಸೀಟು ಹಿಡಿಯಲು ಎಲ್ಲರೂ ಕೇಳುವ ಪ್ರಶ್ನೆಯನ್ನೇ ಚಿತ್ರ ತೋರಿಸಿ ಕೇಳಿದರು:

"ಯವ್ವಾ, ಈಕಿ ಎಲ್ಲಿ ಇಳೀತಾಳ?"

"ನನ್ನ ಜೊತೆ ಜೋಗೇಶ್ವರಿಲಿ, ಅಕ್ಕಾ."

"ಅಲ್ಲೀತನಕ ನಾ ನಿಂದರಬೇಕೇನು? ಮುಂಜಾನಿಂದ ಮಂದಿ ಮನಿ ಕಸಾ ಮುಸುರಿ ಮಾಡಿ ಕಾಲು ಸೋತಾವ. ಈಕಿ ಆರಾಮ ಮಲಗ್ಯಾಳ!"

ಚಿತ್ರವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟರು. ಅಂಧೇರಿ ದಾಟುವಷ್ಟರಲ್ಲಿ ಅವರ ತಲೆಯೂ ಅದೇ ಕಡೆಗೆ ವಾಲಿತು. ಸಂಜೆಬಿಸಿಲು ಎರಡೂ ಮುಖಗಳ ಮೇಲೆ ಮೆಲ್ಲಗೆ ಹರಿದಾಡಿತು.

ಜೋಗೇಶ್ವರಿ ಬಂತು, ಹೋಯಿತು. ಇಬ್ಬರಲ್ಲಿ ಯಾರನ್ನೂ ಎಬ್ಬಿಸದೆ ಇಳಿಯುವ ಉಪಾಯ ಗೊತ್ತಿದ್ದವರು ಬೇಗ ಹೇಳಿ. ಮಲಾಡ್ ಕೂಡ ದಾಟಿತು.